ಪ್ಲೈವುಡ್ ದೋಣಿಯ ಶತ್ರು ಕೆರೆಯ ನೀರಲ್ಲ, ಒಳಗೆ ನಿಂತ ಮಳೆನೀರು

ಪ್ರಶ್ನೆ: ಇಬ್ಬರು ಕೂತು ಗಾಳ ಹಾಕುವಂಥ 12 ಅಡಿಯ ದೋಣಿಯೊಂದನ್ನು ಮನೆಯಲ್ಲೇ ಪ್ಲೈವುಡ್‌ನಿಂದ ಕಟ್ಟಬೇಕೆಂದಿದ್ದೇನೆ. ಮೇಜು, ಕಪಾಟು ಮಾಡುವಷ್ಟು ಮರಗೆಲಸ ಬರುತ್ತದೆ. ದೋಣಿ ಇದೇ ಮೊದಲು. ಯಾವ ಪ್ಲೈವುಡ್, ಎಷ್ಟು ದಪ್ಪ? ಮರಗೆಲಸದ ಬಿಳಿ ಅಂಟು, ಸ್ಕ್ರೂ ಸಾಲದೇ, ಎಪಾಕ್ಸಿಯೇ ಬೇಕೇ? ಹೊರಗೆಲ್ಲ ಫೈಬರ್ ಹೊದಿಸಬೇಕೇ? ಮುಂದೆ ಸಣ್ಣ ಮೋಟರ್ ಹಾಕುವ ಆಸೆಯೂ ಇದೆ.

ಉತ್ತರ: ಕಪಾಟು ಮಾಡಿದ ಕೈಗೆ ಈ ದೋಣಿ ಕಷ್ಟವಲ್ಲ. ಆದರೆ ಕಪಾಟಿನ ಒಂದು ಅಭ್ಯಾಸ ಬಿಡಬೇಕು. ಅಲ್ಲಿ ಬಲವೆಲ್ಲ ಸ್ಕ್ರೂ, ಮೊಳೆಗಳಲ್ಲಿ; ಇಲ್ಲಿ ಪ್ರತಿ ಸ್ಕ್ರೂ ತೂತೂ ನೀರಿಗೊಂದು ಬಾಗಿಲು. ಪ್ಲೈವುಡ್ ದೋಣಿ ಮುರಿದು ಹಾಳಾಗುವುದು ಅಪರೂಪ. ಹಲಗೆಯ ಅಂಚಿನಲ್ಲಿ, ತೂತಿನಲ್ಲಿ, ಸೀಟಿನಡಿಯ ಗಾಳಿಯಾಡದ ಮೂಲೆಯಲ್ಲಿ ತೇವ ಕೂತು ಒಳಗಿಂದ ಕೊಳೆತೇ ಹೆಚ್ಚಿನವು ಹೋಗುತ್ತವೆ. ಅದರಲ್ಲೂ ದೋಣಿಯೊಳಗೆ ವಾರಗಟ್ಟಲೆ ನಿಂತ ಮಳೆನೀರು ಮಾಡುವಷ್ಟು ಹಾನಿಯನ್ನು ಸಮುದ್ರದ ಉಪ್ಪುನೀರೂ ಮಾಡುವುದಿಲ್ಲ. ಮರ ಕೊಳೆಸುವ ಶಿಲೀಂಧ್ರಕ್ಕೆ ಬೇಕಾದ್ದು ಸಿಹಿನೀರು ಮತ್ತು ಗಾಳಿ. ಮುಂದೆ ಹೇಳುವುದರಲ್ಲಿ ಅರ್ಧಕ್ಕರ್ಧ ಈ ತೇವವನ್ನು ಹೊರಗಿಡುವ ಕೆಲಸವೇ.

ಮೊದಲು ಅಳತೆ. ಇಬ್ಬರಿಗೆ ಚಪ್ಪಟೆ ತಳದ, ಮುಂದೆ ಚೂಪಾದ ದೋಣಿ ಸಾಕು. ಉದ್ದ 3.6 ಮೀಟರ್. ನಡುವಿನಲ್ಲಿ ತಳದ ಅಗಲ 1.05 ಮೀಟರ್, ಮೇಲಂಚಿನಲ್ಲಿ 1.30. ಹಿಂಬದಿಯ ಅಡ್ಡಹಲಗೆ, ಅಂದರೆ ಟ್ರಾನ್ಸಮ್, ಕೆಳಗೆ 85 ಸೆಂ.ಮೀ., ಮೇಲೆ 105. ನಡುವಿನಲ್ಲಿ ಆಳ 42 ಸೆಂ.ಮೀ.; ಪಕ್ಕಗಳು ಹೊರಕ್ಕೆ ವಾಲಿರುವುದರಿಂದ ಪಕ್ಕದ ಹಲಗೆಯ ಅಗಲ 44 ಬರುತ್ತದೆ. ಹೀಗೆ ಕಟ್ಟಿದ ದೋಣಿ ಸುಮಾರು 70 ಕೆ.ಜಿ. ತೂಗುತ್ತದೆ. ದೋಣಿ, ಇಬ್ಬರು ಮತ್ತು ಸಾಮಾನು ಎಲ್ಲ ಸೇರಿ 240 ಕೆ.ಜಿ. ಆದಾಗ ತಳ ನೀರಿನಲ್ಲಿ 11 ಸೆಂ.ಮೀ. ಹತ್ತಿರ ಮುಳುಗಿ, ಮೇಲೆ 30 ಸೆಂ.ಮೀ. ಪಕ್ಕ ಉಳಿಯುತ್ತದೆ. ಮೂರನೆಯವರು ಹತ್ತಿದರೆ ಇನ್ನೂ 3 ಸೆಂ.ಮೀ. ಇಳಿಯುತ್ತದೆ. ಲೆಕ್ಕದಲ್ಲಿ ಅದು ಚಿಕ್ಕದು. ಆದರೆ ಒಬ್ಬರು ಪಕ್ಕಕ್ಕೆ ವಾಲಿ ಮೀನು ಎತ್ತುವಾಗ ಆ ಬದಿಯ ಅಂಚು ಎಷ್ಟು ಕೆಳಗೆ ಬರುತ್ತದೆಂದು ಯೋಚಿಸಿ. ಇದು ಇಬ್ಬರ ದೋಣಿ, ಹಾಗೆಯೇ ಇರಲಿ.

ಪ್ಲೈವುಡ್ ಮುಟ್ಟುವ ಮೊದಲು ದಪ್ಪ ರಟ್ಟಿನಲ್ಲಿ ಹತ್ತನೇ ಒಂದು ಅಳತೆಯ ಮಾದರಿ ಮಾಡಿ: 36 ಸೆಂ.ಮೀ. ದೋಣಿ, ಟೇಪಿನಿಂದ ಅಂಟಿಸಿದ್ದು. ರಟ್ಟೂ ಪ್ಲೈವುಡ್ಡೂ ಒಂದೇ ಗುಣದವು, ಒಮ್ಮೆಗೆ ಒಂದೇ ದಿಕ್ಕಿಗೆ ಬಗ್ಗುತ್ತವೆ. ರಟ್ಟು ಸುಕ್ಕುಗಟ್ಟಿದ ಕಡೆ ಪ್ಲೈವುಡ್ ಸೀಳುತ್ತದೆ. ಇನ್ನೊಂದು ವಿಷಯವೂ ಇದರಲ್ಲಿ ಕಣ್ಣಿಗೆ ಕಾಣುತ್ತದೆ: ಪಕ್ಕದ ಹಲಗೆಯ ಕೆಳ ಅಂಚನ್ನು ನೇರವಾಗಿ ಕತ್ತರಿಸಿದ್ದರೂ, ಅದು ಹೊರವಾಲಿ ಬಗ್ಗಿದಾಗ ಎರಡೂ ತುದಿ ಮೇಲೆದ್ದು ತಳಕ್ಕೆ ತಾನಾಗಿ ಬಾಗು ಬರುತ್ತದೆ. ಹುಟ್ಟು ಹಾಕುವ ದೋಣಿಗೆ ಈ ಬಾಗು ಒಳ್ಳೆಯದು. ಮೋಟರ್ ಹಾಕುವುದಾದರೆ ತಳದ ಹಿಂದಿನ ಮೂರನೇ ಒಂದು ಭಾಗ ಆದಷ್ಟು ನೇರವಿರಬೇಕು, ಇಲ್ಲದಿದ್ದರೆ ಮೋಟರ್ ಓಡಿದಾಗ ಹಿಂಬದಿ ಕೂತು ಮೂತಿ ಆಕಾಶ ನೋಡುತ್ತದೆ. ಕೆಳ ಅಂಚನ್ನು ಎಲ್ಲಿ ಎಷ್ಟು ಕೀಸಿದರೆ ತಳ ನೇರವಾಗುತ್ತದೆಂದು ರಟ್ಟಿನಲ್ಲೇ ತಿದ್ದಿಕೊಂಡು, ಆ ಅಳತೆಯನ್ನು ಹತ್ತರಿಂದ ಗುಣಿಸಿ.

ಈಗ ಪ್ಲೈವುಡ್. ತಳಕ್ಕೆ 9 ಮಿ.ಮೀ., ಪಕ್ಕಕ್ಕೆ 6 ಮಿ.ಮೀ. 8×4 ಅಡಿಯ ಹಾಳೆಗಳಲ್ಲಿ 9 ಮಿ.ಮೀ.ಯದು ಮೂರು, 6 ಮಿ.ಮೀ.ಯದು ಎರಡು ಬೇಕು. ಮೂರನೆಯ 9 ಮಿ.ಮೀ. ಹಾಳೆ ಟ್ರಾನ್ಸಮ್, ಸೀಟು, ಅಡ್ಡಗೋಡೆಗಳಿಗೆ. ಹಾಳೆಯ ಮೇಲೆ ಮರೈನ್ ಪ್ಲೈಯ, ಅಂದರೆ ದೋಣಿ ದರ್ಜೆಯ ಪ್ಲೈವುಡ್ಡಿನ, ಮಾನಕಗಳಾದ ಐಎಸ್ 710 ಅಥವಾ ಬಿಎಸ್ 1088ರ ಮುದ್ರೆ ಇರಲಿ. ಮರೈನ್ ಪ್ಲೈ ಎಂದರೆ ಕೊಳೆಯದ ಮರ ಎಂದು ತಿಳಿಯಬೇಡಿ. ನೀರಿಗೆ ಬಿಡದೆ ನಿಲ್ಲುವುದು ಪದರಗಳ ನಡುವಿನ ಅಂಟು, ಮರವಲ್ಲ. ಮುದ್ರೆಯನ್ನೂ ಕುರುಡಾಗಿ ನಂಬಬೇಡಿ. ಅಂಗೈಯಗಲದ ತುಂಡೊಂದನ್ನು ನಾಲ್ಕು ಗಂಟೆ ಕುದಿಸಿ, ಒಂದು ದಿನ ಒಣಗಿಸಿ, ಮತ್ತೆ ನಾಲ್ಕು ಗಂಟೆ ಕುದಿಸಿ. ಆಮೇಲೆ ಉಳಿಯಿಂದ ಪದರ ಎಬ್ಬಿಸಿ ನೋಡಿ. ಮರದ ನಾರು ಹರಿದು ಬಂದರೆ ಅಂಟು ಗಟ್ಟಿ. ಪದರ ನುಣ್ಣಗೆ ಬಿಟ್ಟುಕೊಂಡರೆ ಆ ಹಾಳೆ ದೋಣಿಗೆ ಬೇಡ. ಹಾಳೆಯ ನಾಲ್ಕೂ ಅಂಚು ನೋಡಿ, ಒಳಪದರದಲ್ಲಿ ಖಾಲಿ ಸಂದುಗಳಿವೆಯೇ ಎಂದು. ಬಗ್ಗಿಸುವಾಗ ಹಲಗೆ ಮುರಿಯುವುದು ಆ ಸಂದಿನ ಮೇಲೆಯೇ, ನೀರು ಒಮ್ಮೆ ಹೊಕ್ಕರೆ ಓಡಾಡುವುದೂ ಅದರಲ್ಲೇ.

ಅಂಟಿನ ಪ್ರಶ್ನೆಗೆ ನೇರ ಉತ್ತರ: ಬಿಳಿ ಅಂಟು ಬೇಡ. ಸದಾ ತೇವದಲ್ಲಿ ಅದು ಮೆತ್ತಗಾಗುತ್ತದೆ, ಒಣಗಿದ್ದಾಗಲೂ ಎಡೆಬಿಡದ ಎಳೆತಕ್ಕೆ ನಿಧಾನವಾಗಿ ಜಾರುತ್ತದೆ. ಪಾಲಿಯೆಸ್ಟರ್ ರೆಸಿನ್ ಕೂಡ ಬೇಡ. ಅಗ್ಗವೆಂದು ಹಲವರು ಅದನ್ನೇ ಬಳಿಯುತ್ತಾರೆ. ಆದರೆ ಅದು ಮರವನ್ನು ಗಟ್ಟಿಯಾಗಿ ಹಿಡಿಯುವುದಿಲ್ಲ. ಮರ ಹಿಗ್ಗಿ ಕುಗ್ಗುತ್ತ ಒಂದೆರಡು ವರ್ಷದಲ್ಲಿ ಫೈಬರ್ ಹೊದಿಕೆ ಸಿಪ್ಪೆಯಂತೆ ಬಿಡುತ್ತದೆ, ಆ ಸಿಪ್ಪೆಯ ಹಿಂದೆ ನೀರು ನಿಂತು ಮರ ಕಾಣದಂತೆ ಕೊಳೆಯುತ್ತದೆ. ಎಪಾಕ್ಸಿಯೇ ಇರಲಿ; ಅದು ರೆಸಿನ್, ಹಾರ್ಡನರ್ ಎಂಬ ಎರಡು ದ್ರವ ಕಲಸಿದಾಗ ಗಟ್ಟಿಯಾಗುವ ಅಂಟು. ಈ ದೋಣಿಗೆ ರೆಸಿನ್, ಹಾರ್ಡನರ್ ಸೇರಿ 10 ಕೆ.ಜಿ. ಹತ್ತಿರ ಬೇಕಾಗುತ್ತದೆ.

ಪಾಲಿಯೆಸ್ಟರ್ ಬಳಸಿ ರೂಢಿಯಾದವರು ಎಪಾಕ್ಸಿಯಲ್ಲಿ ಮಾಡುವ ತಪ್ಪೊಂದಿದೆ: ಬೇಗ ಗಟ್ಟಿಯಾಗಲೆಂದು ಹಾರ್ಡನರ್ ಹೆಚ್ಚು ಹಾಕುವುದು. ಎಪಾಕ್ಸಿಯಲ್ಲಿ ಹಾರ್ಡನರ್ ವೇಗವರ್ಧಕವಲ್ಲ, ಅಂಟಿನದೇ ಒಂದು ಭಾಗ ಅದು. ಅಳತೆ ತಪ್ಪಿದರೆ ಎಂದೂ ಪೂರ್ತಿ ಗಟ್ಟಿಯಾಗುವುದಿಲ್ಲ, ಅಂಟಂಟಾಗಿಯೇ ಉಳಿಯುತ್ತದೆ, ಕೆರೆದು ತೆಗೆಯದೆ ಬೇರೆ ದಾರಿಯಿಲ್ಲ. ಡಬ್ಬಿಯ ಮೇಲಿನ ಪ್ರಮಾಣ ತೂಕದ್ದೋ ಗಾತ್ರದ್ದೋ ಎಂದು ಓದಿಕೊಳ್ಳಿ. ಎರಡೂ ಒಂದೇ ಅಲ್ಲ. ಡಿಜಿಟಲ್ ತಕ್ಕಡಿ ಇಟ್ಟುಕೊಂಡು ಒಮ್ಮೆಗೆ 200 ರಿಂದ 300 ಗ್ರಾಂ ಮಾತ್ರ ಕಲಸಿ, ಪಾತ್ರೆಯ ಬದಿ, ತಳವನ್ನೂ ಕೆರೆಯುತ್ತ ಎರಡು ನಿಮಿಷ. ಕಲಸಿದ್ದನ್ನು ಆಳದ ಡಬ್ಬಿಯಲ್ಲಿ ಬಿಡದೆ ಅಗಲ ತಟ್ಟೆಗೆ ಸುರಿಯಿರಿ. ಗಟ್ಟಿಯಾಗುವಾಗ ಹುಟ್ಟುವ ಶಾಖ ಹೊರಹೋಗದಿದ್ದರೆ ರಾಶಿಯೊಳಗೆ ಬಿಸಿಯೇರಿ ಹೊಗೆ ಬರುತ್ತದೆ. 25 ಡಿಗ್ರಿಯಲ್ಲಿ ಅರ್ಧ ಗಂಟೆ ಕೆಲಸ ಮಾಡಗೊಡುವ ಎಪಾಕ್ಸಿ 35 ಡಿಗ್ರಿಯಲ್ಲಿ ಕಾಲು ಗಂಟೆಯೂ ನಿಲ್ಲದು. ಸೆಕೆಯ ದಿನಗಳಿಗೆ ನಿಧಾನದ ಹಾರ್ಡನರ್ ತನ್ನಿ.

ಚರ್ಮಕ್ಕೆ ಎಪಾಕ್ಸಿ ತಗಲಿಸಬೇಡಿ. ಮೊದಲು ಏನೂ ಆಗದೆ, ತಿಂಗಳುಗಳ ನಂತರ ಒಂದು ದಿನ ತುರಿಕೆ, ದದ್ದು ಶುರುವಾಗುತ್ತದೆ. ಒಮ್ಮೆ ಬಂದ ಆ ಅಲರ್ಜಿ ಸಾಮಾನ್ಯವಾಗಿ ಜೀವನಪೂರ್ತಿ ಇರುತ್ತದೆ. ನೈಟ್ರೈಲ್ ಕೈಗವಸು ತೊಡಿ. ತಗಲಿದರೆ ಸೋಪು ನೀರಿನಿಂದ ತೊಳೆಯಿರಿ; ತಿನ್ನರ್ ಹಚ್ಚಿದರೆ ಅದು ಎಪಾಕ್ಸಿಯನ್ನು ಚರ್ಮದೊಳಕ್ಕೇ ಒಯ್ಯುತ್ತದೆ. ಉಜ್ಜುವಾಗ ಧೂಳಿನ ಮಾಸ್ಕ್ ಬೇಕೇ ಬೇಕು.

8 ಅಡಿಯ ಹಾಳೆಯಿಂದ 12 ಅಡಿ ಪಡೆಯಲು ಹಲಗೆ ಜೋಡಿಸಬೇಕು. ತಳಕ್ಕೆ ಸುಲಭದ ದಾರಿಯಿದೆ: ಎರಡು ಹಾಳೆಯ ತುದಿಗಳನ್ನು ಒತ್ತಿಟ್ಟು, ಒಳಬದಿಯಲ್ಲಿ 9 ಮಿ.ಮೀ. ಪ್ಲೈಯದೇ 22 ಸೆಂ.ಮೀ. ಅಗಲದ ಪಟ್ಟಿಯನ್ನು ಅಂಟಿಸಿ. ಆ ಜೋಡು ನಡುಸೀಟಿನ ಅಡಿಗೆ ಬರುವಂತೆ ನೋಡಿಕೊಂಡರೆ ಕಾಲಿಗೆ ಅಡ್ಡವಾಗದು. ಪಕ್ಕದ ಹಲಗೆಗಳಿಗೆ ಮಾತ್ರ ಈ ಪಟ್ಟಿ ಬೇಡ. ಪಟ್ಟಿಯಿದ್ದ ಕಡೆ ಹಲಗೆ ಬಗ್ಗದೆ ಬದಿಯಲ್ಲಿ ಚಪ್ಪಟೆ ಮೊಣಕಾಲು ಎದ್ದಂತೆ ಕಾಣುತ್ತದೆ. ಅಲ್ಲಿ ಓರೆ ಜೋಡಣೆ, ದೋಣಿಗಾರರ ಮಾತಿನಲ್ಲಿ ಸ್ಕಾರ್ಫ್, ಮಾಡಿ. ದಪ್ಪದ ಎಂಟರಷ್ಟು ಉದ್ದದ ಓರೆ ಬೇಕು, 6 ಮಿ.ಮೀ.ಗೆ 48 ಮಿ.ಮೀ. ಎರಡೂ ಹಾಳೆಗಳನ್ನು ಒಂದರ ಮೇಲೊಂದು 48 ಮಿ.ಮೀ. ಹಿಂದೆ ಸರಿಸಿಟ್ಟು, ಮೆಟ್ಟಿಲಿನಂತಾದ ಅಂಚುಗಳನ್ನು ಕೀಸುಳಿಯಿಂದ ಒಟ್ಟಿಗೇ ಕೀಸಿ. ಪ್ಲೈವುಡ್ಡಿನ ಪದರಗಳೇ ನಿಮಗೆ ಅಳತೆಗೋಲು: ಓರೆಯ ಮೇಲೆ ಪದರದ ಗೆರೆಗಳು ನೇರವಾಗಿ, ಸಮಾನಾಂತರವಾಗಿ ಕಂಡರೆ ಓರೆ ಸರಿಯಿದೆ, ಗೆರೆ ಹಾವಿನಂತೆ ಹರಿದರೆ ಉಬ್ಬು ತಗ್ಗಿದೆ.

ಅಂಟಿಸುವಾಗ ಮೊದಲು ಬರೀ ಎಪಾಕ್ಸಿಯನ್ನು ಓರೆಗೆ ಬಳಿದು ಹತ್ತು ನಿಮಿಷ ಕುಡಿಯಲು ಬಿಡಿ. ಕತ್ತರಿಸಿದ ನಾರು ಸ್ಪಂಜಿನಂತೆ ಹೀರುತ್ತದೆ; ಹೀಗೆ ಕುಡಿಸದೆ ಅಂಟಿಸಿದರೆ ಜೋಡಿನೊಳಗಿನ ಅಂಟನ್ನೆಲ್ಲ ಮರವೇ ಎಳೆದುಕೊಂಡು ಜೋಡು ಒಣಗಿ ನಿಲ್ಲುತ್ತದೆ. ಆಮೇಲೆ ಸಿಲಿಕಾ ಪುಡಿ ಬೆರೆಸಿ ಗಟ್ಟಿ ಮಾಡಿದ ಎಪಾಕ್ಸಿ ಹಚ್ಚಿ, ಮೇಲೆ ಕೆಳಗೆ ಪ್ಲಾಸ್ಟಿಕ್ ಹಾಳೆ ಹಾಕಿ, ಜಾರದಂತೆ ಎರಡು ಸಣ್ಣ ಮೊಳೆ ಹೊಡೆದು, ಭಾರ ಹೇರಿ. ಕ್ಲಾಂಪನ್ನು ಮೈಬಲ ಹಾಕಿ ಬಿಗಿಯಬೇಡಿ. ಎಪಾಕ್ಸಿ ಜೋಡಿಗೆ ಒತ್ತಡ ಬೇಡ, ಸಂಪರ್ಕ ಸಾಕು. ಹೆಚ್ಚು ಬಿಗಿದರೆ ಅಂಟೆಲ್ಲ ಹೊರಚಿಮ್ಮುತ್ತದೆ.

ಎರಡು ಪಕ್ಕದ ಹಲಗೆಗಳನ್ನು ಒಂದಕ್ಕೊಂದು ಕ್ಲಾಂಪ್ ಮಾಡಿ ಜೋಡಿಯಾಗಿಯೇ ಕತ್ತರಿಸಿ, ಕೀಸಿ. ಇವು ಒಂದೇ ಸಮನಾಗಿದ್ದರೆ ಮುಂದಿನ ತೊಂದರೆಗಳಲ್ಲಿ ಮುಕ್ಕಾಲು ಹುಟ್ಟುವುದೇ ಇಲ್ಲ. ಅಂಚಿನಿಂದ 10 ಮಿ.ಮೀ. ಒಳಗೆ, 12 ಸೆಂ.ಮೀ.ಗೊಂದರಂತೆ 2 ಮಿ.ಮೀ. ತೂತು ಕೊರೆಯಿರಿ. ನಡುವಿನಲ್ಲಿ ತಾತ್ಕಾಲಿಕ ಚೌಕಟ್ಟು ನಿಲ್ಲಿಸಿ, ಅದರ ಸುತ್ತ ಪಕ್ಕಗಳನ್ನು ಬಗ್ಗಿಸಿ, ಮೂತಿಯಲ್ಲಿ ಎರಡನ್ನೂ, ಹಿಂದೆ ಟ್ರಾನ್ಸಮ್ಮನ್ನೂ 1.2 ಮಿ.ಮೀ. ತಾಮ್ರದ ತಂತಿಯಿಂದ ಹೊಲಿಯಿರಿ. ಈಗ ತಲೆಕೆಳಗೆ ಮಾಡಿ, ಜೋಡಿಸಿಟ್ಟ ತಳದ ಹಾಳೆಯನ್ನು ಮೇಲೆ ಹೊದಿಸಿ, ಒಳಗಿಂದ ಪೆನ್ಸಿಲ್ಲಿನಿಂದ ಗೆರೆ ಎಳೆದು, 5 ಮಿ.ಮೀ. ಹೊರಗೆ ಕತ್ತರಿಸಿ. ತಳವನ್ನು ಮುಂಚೆಯೇ ನಕ್ಷೆ ನೋಡಿ ಕತ್ತರಿಸುವುದಕ್ಕಿಂತ ಇದು ಮೊದಲ ದೋಣಿಗೆ ಎಷ್ಟೋ ಸುರಕ್ಷಿತ. ಮತ್ತೆ ಹೊಲಿಗೆ.

ಇಲ್ಲಿ ಒಂದು ಸಂಜೆ ಪೂರ್ತಿ ಬಿಡುವು ಮಾಡಿಕೊಳ್ಳಿ. ತಂತಿಯಲ್ಲಿ ನಿಂತ ದೋಣಿ ಮೆತ್ತಗಿರುತ್ತದೆ, ಕೈಯಿಂದ ತಿರುಚಬಹುದು. ಎಪಾಕ್ಸಿ ಬಿದ್ದ ಮೇಲೆ ಅದೇ ತಿರುಚು ಶಾಶ್ವತ, ಅಂಥ ದೋಣಿ ಜೀವಮಾನವಿಡೀ ಒಂದು ಬದಿಗೆ ಎಳೆಯುತ್ತದೆ. ಮೂತಿಯ ನಡುವಿನಿಂದ ಟ್ರಾನ್ಸಮ್ ನಡುವಿಗೆ ದಾರ ಕಟ್ಟಿ. ನಡುಚೌಕಟ್ಟಿನ ಮಧ್ಯದ ಗುರುತು ಅದರಡಿಗೆ ಬರಬೇಕು. ಮೂತಿಯಿಂದ ಟ್ರಾನ್ಸಮ್ಮಿನ ಎರಡು ಮೂಲೆಗಳಿಗೆ ಅಳೆಯಿರಿ, 5 ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸ ಇರಬಾರದು. ತಿರುಚು ಹಿಡಿಯಲು ಎರಡು ನೇರ ರೀಪುಗಳನ್ನು ಅಡ್ಡಲಾಗಿ ಇಡಿ, ಒಂದು ನಡುವಿನಲ್ಲಿ, ಇನ್ನೊಂದು ಟ್ರಾನ್ಸಮ್ ಮೇಲೆ. ಹಿಂದೆ ಹೋಗಿ ಕುಕ್ಕರಗಾಲಲ್ಲಿ ಕೂತು, ಒಂದು ಕಣ್ಣು ಮುಚ್ಚಿ ನೋಡಿ: ಎರಡೂ ರೀಪು ಒಂದೇ ಗೆರೆಯಲ್ಲಿ ಕಾಣದಿದ್ದರೆ ಎತ್ತರವಾದ ಮೂಲೆಯ ಮೇಲೆ ಭಾರ ಇಟ್ಟು ಅಥವಾ ಕೆಳಗಿನ ಮೂಲೆಗೆ ಬೆಣೆ ಕೊಟ್ಟು ಸರಿಪಡಿಸಿ.

ಸರಿಯಾದ ಮೇಲೆ ತಂತಿ ತಂತಿಯ ನಡುವೆ ಮಾತ್ರ ಒಳಬದಿಗೆ ಸ್ವಲ್ಪ ಸ್ವಲ್ಪ ಗಟ್ಟಿ ಎಪಾಕ್ಸಿ ತುಂಬಿ. ಮರುದಿನ ತಂತಿಗಳನ್ನು ಕತ್ತರಿಸಿ ಎಳೆಯಿರಿ. ಸಿಕ್ಕಿಕೊಂಡ ತಂತಿಗೆ ಬೆಸುಗೆ ಕಡ್ಡಿಯ (ಸೋಲ್ಡರಿಂಗ್ ಐರನ್) ಬಿಸಿ ತಗಲಿಸಿದರೆ ಬಿಡುತ್ತದೆ. ಈಗ ಪೂರ್ತಿ ಫಿಲೆಟ್, ಅಂದರೆ ಮೂಲೆಯನ್ನು ದುಂಡಗೆ ತುಂಬುವ ಕೆಲಸ. ಎಪಾಕ್ಸಿಗೆ ನುಣುಪಾದ ಮರದ ಹುಡಿ, ಜೊತೆಗೆ ಇಳಿಯದಿರಲು ಸ್ವಲ್ಪ ಸಿಲಿಕಾ ಸೇರಿಸಿ, ಕರಣೆ ತಲೆಕೆಳಗೆ ಹಿಡಿದರೂ ಬೀಳದ ಗಾರೆಯ ಹದಕ್ಕೆ ತನ್ನಿ. 20 ಮಿ.ಮೀ. ತ್ರಿಜ್ಯದ ದುಂಡು ತುದಿಯ ಪ್ಲಾಸ್ಟಿಕ್ ತುಂಡಿನಿಂದ ಒಂದೇ ಎಳೆತದಲ್ಲಿ ಎಳೆಯಿರಿ. ಫಿಲೆಟ್ ಇನ್ನೂ ಉಗುರಿಗೆ ಗುರುತು ಬೀಳುವಷ್ಟು ಹಸಿಯಿರುವಾಗಲೇ ಅದರ ಮೇಲೆ 75 ಮಿ.ಮೀ. ಗಾಜಿನ ನಾರಿನ (ಫೈಬರ್) ನೇಯ್ಗೆಯ ಟೇಪ್ ಹಾಕಿ ಎಪಾಕ್ಸಿ ಕುಡಿಸಿ. ಹಸಿಯ ಮೇಲೆ ಹಸಿ ಬಿದ್ದರೆ ಎರಡೂ ಒಂದಾಗಿ ಗಟ್ಟಿಯಾಗುತ್ತವೆ, ಮಧ್ಯೆ ಉಜ್ಜುವ ಕೆಲಸವೂ ತಪ್ಪುತ್ತದೆ. ಒಳಗೆ, ಹೊರಗೆ, ಅಡ್ಡಗೋಡೆಗಳಿಗೆ ಸೇರಿ 30 ಮೀಟರ್ ಟೇಪ್ ಬೇಕು. ಹೊರಮೂಲೆಯನ್ನು ಟೇಪ್ ಹಾಕುವ ಮೊದಲು 10 ಮಿ.ಮೀ. ತ್ರಿಜ್ಯಕ್ಕೆ ದುಂಡಾಗಿಸಿ. ಚೂಪು ಅಂಚಿನ ಮೇಲೆ ಗಾಜಿನ ಬಟ್ಟೆ ಮಲಗುವುದಿಲ್ಲ, ಎದ್ದು ಗಾಳಿ ಹಿಡಿಯುತ್ತದೆ.

ಹೊರಗೆಲ್ಲ ಫೈಬರ್ ಬೇಕೇ ಎಂದಿರಿ. ತಳಕ್ಕೂ, ಪಕ್ಕಗಳ ಮೇಲೆ 10 ಸೆಂ.ಮೀ. ವರೆಗೂ ಹಾಕಿ, ಕಲ್ಲು, ಮರಳಿಗೆ ಉಜ್ಜುವುದು ಅದೇ. ಮೇಲಿನ ಪಕ್ಕಗಳಿಗೆ ಮೂರು ಕೈ ಎಪಾಕ್ಸಿ ಮತ್ತು ಬಣ್ಣ ಸಾಕು. ಚದರ ಮೀಟರಿಗೆ 200 ಗ್ರಾಂ ತೂಕದ ನೇಯ್ದ ಬಟ್ಟೆಯನ್ನೇ ಬಳಸಿ. ಕತ್ತರಿಸಿದ ನಾರಿನ ಮ್ಯಾಟ್ ಎಪಾಕ್ಸಿಗೆ ಒಗ್ಗುವುದಿಲ್ಲ: ಅದರ ನಾರು ಹಿಡಿದಿಟ್ಟ ಅಂಟು ಪಾಲಿಯೆಸ್ಟರ್ ರೆಸಿನ್‌ನಲ್ಲಿರುವ ಸ್ಟೈರೀನ್ ಎಂಬ ದ್ರವದಲ್ಲಿ ಕರಗುವಂಥದ್ದು, ಎಪಾಕ್ಸಿಯಲ್ಲಿ ಕರಗದೆ ಗಡುಸಾಗಿ ನಿಂತು ಬಿಳಿ ಕಲೆ ಉಳಿಸುತ್ತದೆ. ಬಟ್ಟೆಯ ತೂಕದಷ್ಟೇ ಎಪಾಕ್ಸಿ ಸಾಕು. ನೇಯ್ಗೆ ಎದ್ದು ಕಾಣುತ್ತಿರಲಿ. ಅದನ್ನು ಮುಚ್ಚಲು ಆಮೇಲೆ ಎರಡು ಕೈ ಬಳಿಯಿರಿ.

ಸಂಜೆ ಬಳಿಯುವುದು ಒಳ್ಳೆಯದು ಎನ್ನುವುದಕ್ಕೆ ಕಾರಣವಿದೆ. ಬೆಳಿಗ್ಗೆ ತಂಪಿನಲ್ಲಿ ಬಳಿದರೆ ಬಿಸಿಲೇರುತ್ತ ಮರದೊಳಗಿನ ಗಾಳಿ ಹಿಗ್ಗಿ, ಹಸಿ ಎಪಾಕ್ಸಿಯಲ್ಲಿ ಸೂಜಿಮೊನೆಯ ಗುಳ್ಳೆಗಳಾಗಿ ಹೊರಬರುತ್ತದೆ. ಪ್ರತಿ ಗುಳ್ಳೆಯೂ ಒಂದು ತೂತು. ಸಂಜೆ ಉಷ್ಣತೆ ಇಳಿಯುವಾಗ ಬಳಿದರೆ ಮರವೇ ಎಪಾಕ್ಸಿಯನ್ನು ಒಳಕ್ಕೆಳೆದುಕೊಳ್ಳುತ್ತದೆ. ಗಟ್ಟಿಯಾದ ಮೇಲೆ ಮೈಮೇಲೆ ಮೇಣದಂಥ ಜಿಡ್ಡು ಕಂಡರೆ ಅದು ಹಾರ್ಡನರ್ ಗಾಳಿಯ ತೇವದೊಂದಿಗೆ ಸೇರಿ ಆದದ್ದು. ಉಜ್ಜುವ ಮೊದಲು ನೀರು ಮತ್ತು ಒರಟು ಪ್ಯಾಡಿನಿಂದ ತೊಳೆಯಿರಿ. ತೊಳೆಯದೆ ಉಜ್ಜಿದರೆ ಜಿಡ್ಡು ಮೈಗೆಲ್ಲ ಹರಡಿ ಮುಂದಿನ ಪದರ ಹಿಡಿಯದು.

ಸೀಟುಗಳು ಬರೀ ಕೂರಲು ಅಲ್ಲ. ಮೂತಿಯಲ್ಲಿ ಮತ್ತು ಹಿಂದೆ ಅಡ್ಡಗೋಡೆ ಕಟ್ಟಿ ಸೀಟಿನಡಿಯನ್ನು ಮುಚ್ಚಿದ ಪೆಟ್ಟಿಗೆಯಾಗಿಸಿ, ಮುಂದೆ 80 ಲೀಟರ್, ಮೋಟರಿನ ಭಾರವಿರುವ ಹಿಂದೆ 100 ಲೀಟರ್. ದೋಣಿ ನೀರು ತುಂಬಿದರೂ ಇವು 180 ಕೆ.ಜಿ. ಹೊರುತ್ತವೆ. ಪೆಟ್ಟಿಗೆಯ ಒಳಗೂ ಮೂರು ಕೈ ಎಪಾಕ್ಸಿ ಬಳಿದೇ ಮುಚ್ಚಿ. ತಿರುಪಿನ ಮುಚ್ಚಳವೊಂದನ್ನು ಕೂರಿಸಿ, ದೋಣಿ ದಡದಲ್ಲಿದ್ದಾಗ ಅದು ತೆರೆದೇ ಇರಲಿ. ಸುರಿದು ಉಬ್ಬುವ ಫೋಮ್ ತುಂಬಬೇಡಿ. ಮರಕ್ಕೂ ಫೋಮಿಗೂ ನಡುವೆ ಸೇರಿದ ತೇವ ಎಂದೂ ಒಣಗುವುದಿಲ್ಲ. ಫೋಮ್ ಬೇಕೆಂದರೆ ಹೊರತೆಗೆಯಬಹುದಾದ ಪಾಲಿಥೀನ್ ಬ್ಲಾಕ್ ಇಡಿ. ಥರ್ಮಾಕೋಲ್ ಪೆಟ್ರೋಲ್ ತಾಗಿದರೆ ಕರಗಿ ಹೋಗುತ್ತದೆ. ನಡುಸೀಟು ಹುಟ್ಟು ಹಾಕುವವರದು: ತಳದಿಂದ 20 ಸೆಂ.ಮೀ. ಎತ್ತರ, ಹುಟ್ಟಿನ ಕೊಕ್ಕೆ ಸೀಟಿನ ಹಿಂದಿನ ಅಂಚಿನಿಂದ ದೋಣಿಯ ಹಿಂಬದಿಗೆ 30 ಸೆಂ.ಮೀ., ಹುಟ್ಟು 2.3 ಮೀಟರ್.

ಮೋಟರ್ 2 ರಿಂದ 3.5 ಅಶ್ವಶಕ್ತಿ ಮೀರದಿರಲಿ. ನೀರಿನಲ್ಲಿ 3.3 ಮೀಟರ್ ಉದ್ದವಿರುವ ಇಂಥ ತಳ ತನ್ನದೇ ಅಲೆಯಲ್ಲಿ ಸಿಕ್ಕಿ ಗಂಟೆಗೆ ಸುಮಾರು 8 ಕಿ.ಮೀ.ಗೆ ನಿಲ್ಲುತ್ತದೆ, ಅದಕ್ಕೆ ಇಷ್ಟು ಶಕ್ತಿ ಸಾಕು. ಹೆಚ್ಚಿನದು ಹಿಂಬದಿಯನ್ನು ಮುಳುಗಿಸಲಷ್ಟೇ ಉಪಯೋಗ. ಟ್ರಾನ್ಸಮ್ಮನ್ನು 9 ಮಿ.ಮೀ. ಪ್ಲೈ ನಾಲ್ಕು ಪದರ ಅಂಟಿಸಿ 36 ಮಿ.ಮೀ. ಮಾಡಿ, ಸುಮಾರು 12 ಡಿಗ್ರಿ ಹಿಂದಕ್ಕೆ ವಾಲಿಸಿ. ಮೋಟರ್ ಕೂರುವ ಕಡೆ ಎತ್ತರ 38 ರಿಂದ 39 ಸೆಂ.ಮೀ.ಗೆ ತಗ್ಗಿಸಿ; ಗಿಡ್ಡ ಶಾಫ್ಟಿನ ಮೋಟರುಗಳು ಅದಕ್ಕೇ ತಯಾರಾದವು. ಟ್ರಾನ್ಸಮ್ ಮೇಲ್ಮೂಲೆಗಳಿಗೂ ತಳಕ್ಕೂ ಮೊಣಕೈ ಆಕಾರದ ಆಧಾರ ಕೊಡಿ. ಮೋಟರ್ ನಿಲ್ಲಿಸುವ ಹಗ್ಗ ಮಣಿಕಟ್ಟಿನಲ್ಲಿ, ಲೈಫ್ ಜಾಕೆಟ್ ಮೈಮೇಲೆ. ಈ ಗಾತ್ರದ ದೋಣಿಯಲ್ಲಿ ಎರಡಕ್ಕೂ ವಿನಾಯಿತಿಯಿಲ್ಲ.

ಕೊಕ್ಕೆ, ಹಿಡಿಕೆ, ನೀರು ಬಿಡುವ ಬಿರಡೆ ಇವುಗಳಿಗೆ ತೂತು ಅನಿವಾರ್ಯ. ಬೇಕಾದ್ದಕ್ಕಿಂತ ದೊಡ್ಡ ತೂತು ಕೊರೆದು, ಗಟ್ಟಿ ಎಪಾಕ್ಸಿ ತುಂಬಿ, ಅದು ಗಟ್ಟಿಯಾದ ಮೇಲೆ ಅದರ ನಡುವೆ ಸರಿಯಳತೆಯ ತೂತು ಕೊರೆಯಿರಿ. ಹೀಗೆ ಮಾಡಿದರೆ ಸ್ಕ್ರೂ ಸಡಿಲವಾದರೂ ನೀರಿಗೆ ಮರ ಸಿಗುವುದಿಲ್ಲ. 316 ದರ್ಜೆಯ ಸ್ಟೇನ್‌ಲೆಸ್ ಅಥವಾ ಸಿಲಿಕಾನ್ ಕಂಚು ಇರಲಿ. ಹಿತ್ತಾಳೆ ಉಪ್ಪುನೀರಿನಲ್ಲಿ ಸತು ಕಳೆದುಕೊಂಡು ಪುಡಿಯಾಗುತ್ತದೆ. ಮೇಲಂಚಿನ ಪಟ್ಟಿಗೆ ತೇಗ ಬಳಸಿದರೆ ಅಂಟಿಸುವ ಮುನ್ನವೇ ಅಸಿಟೋನಿನಿಂದ ಒರೆಸಿ, ಎಣ್ಣೆಯಂಶ ಅಂಟನ್ನು ತಡೆಯುತ್ತದೆ.

ಬಿಸಿಲಿಗೆ ಬಿಟ್ಟ ಎಪಾಕ್ಸಿ ಹಳದಿಯಾಗಿ, ಪುಡಿಯೆದ್ದು ಸಾಯುತ್ತದೆ. ಬಣ್ಣ ಅಲಂಕಾರಕ್ಕಲ್ಲ, ಅದರ ಕೊಡೆ. ಒಂದು ವಾರ ಗಟ್ಟಿಯಾಗಲು ಬಿಟ್ಟು, ತೊಳೆದು, ಉಜ್ಜಿ, ಎರಡು ಭಾಗ ಬೆರೆಸಿ ಹಚ್ಚುವ (ಟೂ-ಪ್ಯಾಕ್) ಪಾಲಿಯುರೆಥೇನ್ ಬಣ್ಣ ಬಳಿಯಿರಿ. ಎಣ್ಣೆ ಎನಾಮೆಲ್ ಆದರೆ ಮೊದಲು ಒಂದು ತುಂಡಿನ ಮೇಲೆ ಪರೀಕ್ಷಿಸಿ, ಕೆಲವು ಎಪಾಕ್ಸಿಗಳ ಮೇಲೆ ಅದು ಒಣಗುವುದೇ ಇಲ್ಲ. ತಿಳಿಬಣ್ಣ ಇರಲಿ, ಗಾಢಬಣ್ಣ ಮರವನ್ನು ಕಾಯಿಸುತ್ತದೆ.

ಮೊದಲ ದಿನ ಮೀನಿಗೆ ಹೋಗಬೇಡಿ. ಸೊಂಟದಾಳದ ನೀರಿನಲ್ಲಿ ಮೋಟರ್ ತೆಗೆದಿಟ್ಟು, ಅದರ ತೂಕದಷ್ಟು ಕಲ್ಲು ಕಟ್ಟಿ, ದೋಣಿಗೆ ಅಂಚಿನವರೆಗೂ ನೀರು ತುಂಬಿ. ಅದು ಮಟ್ಟಸವಾಗಿ ತೇಲುತ್ತದೆಯೇ, ನೀವು ಹತ್ತಿ ಕೂತು ಬಕೆಟ್‌ನಿಂದ ನೀರು ಹೊರಚೆಲ್ಲಬಹುದೇ ನೋಡಿ. ಒಂದು ತುದಿ ಮುಳುಗಿದರೆ ಆ ಬದಿಯ ಪೆಟ್ಟಿಗೆ ಸಾಲದು ಅಥವಾ ಸೋರುತ್ತಿದೆ. ದಡಕ್ಕೆ ಎಳೆದು ಬಿರಡೆ ತೆಗೆದಾಗ ನೀರು ಎಲ್ಲೆಲ್ಲಿ ಹರಿಯದೆ ಉಳಿಯಿತೋ ಅಲ್ಲೆಲ್ಲ ಪೆನ್ಸಿಲ್ಲಿನಿಂದ ಗುರುತು ಹಾಕಿ. ಆ ಮೂಲೆಗಳನ್ನು ಗಟ್ಟಿ ಎಪಾಕ್ಸಿಯಿಂದ ಎತ್ತರಿಸಿ, ಇಲ್ಲವೇ ಅಡ್ಡಪಟ್ಟಿಯಲ್ಲಿ ನೀರು ಹಾಯಲು ಕಂಡಿ ಕೊರೆದು ಅದರ ಅಂಚಿಗೂ ಎಪಾಕ್ಸಿ ಕುಡಿಸಿ. ಬಳಸದಿದ್ದಾಗ ದೋಣಿಯನ್ನು ನೆಲದಿಂದ ಒಂದಡಿ ಎತ್ತರದಲ್ಲಿ ಬೋರಲು ಹಾಕಿಡಿ. ಟಾರ್ಪಾಲನ್ನು ಮೈಗೆ ಅಂಟುವಂತೆ ಬಿಗಿಯದೆ ಗಾಳಿಗೆ ಸಂದು ಬಿಡಿ. ವರ್ಷಕ್ಕೊಮ್ಮೆ ಆ ಗುರುತಿನ ಮೂಲೆಗಳಲ್ಲಿ ಬಣ್ಣ ಉಬ್ಬಿದೆಯೇ, ಬಿರಿದಿದೆಯೇ ನೋಡಿ. ಅನುಮಾನ ಬಂದಲ್ಲಿ ದಬ್ಬಳದ ತುದಿ ಒತ್ತಿ; ಮೆತ್ತಗೆ ಇಳಿದರೆ ಕಪ್ಪಾದ ಮರವನ್ನೆಲ್ಲ ಕೆತ್ತಿ ತೆಗೆದು, ಪೂರ್ತಿ ಒಣಗುವವರೆಗೆ ಕಾದು, ಆಮೇಲಷ್ಟೇ ತುಂಬಿ. ಹಸಿ ಮರದ ಮೇಲೆ ಎಪಾಕ್ಸಿ ಬಳಿದರೆ ತೇವವನ್ನು ಒಳಗೇ ಕೂಡಿಹಾಕಿದಂತಾಗುತ್ತದೆ.